ಮುನೆಮ್ಮನ ಬೆರಳು

ಇವತ್ತು ಬೆಳಿಗ್ಗೆ ಎದ್ದು ಅಂಗಳಕ್ಕೆ ನೀರು ಹಾಕಿದೆ. ಒಲೆಯ ಬೂದಿ ತೆಗೆದು ಹಿತ್ತಲ ಬದನೆ ಗಿಡಗಳ ಬುಡಕ್ಕೆ ಸುರಿದೆ. ಹಾಲಿನವನ ಜೊತೆ ಹಾಲಿಗೆ ನೀರು ಬೆರೆಸುವ ವಿಚಾರವಾಗಿ ಎರಡು ಮಾತಾಡಿದೆ. ಹಳೇ ಸೀರೆಯೊಂದನ್ನು ಹರಿದು, ಕುದಿಸಿ, ಒಣಗಿಸಿ, ಸುರುಳಿ ಸುತ್ತಿ ಡಬ್ಬಿಯಲ್ಲಿಟ್ಟೆ. ಮನೆಯಲ್ಲಿ ಯಾರಿಗೂ ಗಾಯವಿಲ್ಲ, ಆದರೆ ಕೈ ಕೇಳಬೇಕಲ್ಲ. ಆಮೇಲೆ ಉಪ್ಪಿನಕಾಯಿಗೆ ಮಾವಿನಕಾಯಿ ಹೆಚ್ಚಲು ಕೂತೆ. ಈಳಿಗೆಮಣೆ ಜಾರಿ ಹೆಬ್ಬೆರಳು ಕುಯ್ದುಕೊಂಡೆ.

ನನ್ನ ತಂಗಿಯ ಮಗಳು ಸರೋಜ ಓಡಿ ಬಂದಳು. ಮುಂದಿನ ತಿಂಗಳು ಬೆಂಗಳೂರಿಗೆ ನರ್ಸ್ ಕೆಲಸ ಕಲಿಯಲು ಹೋಗುವವಳು ಅವಳು. ಬೆರಳು ತೊಳೆದು ಕಟ್ಟು ಹಾಕಿದಳು. ಕಟ್ಟು ಚೆನ್ನಾಗಿಯೇ ಕೂತಿತು. ಆದರೆ ಆಮೇಲೆ ಒಂದು ಮಾತು ಅಂದಳು:

“ದೊಡ್ಡಮ್ಮ, ಇದು ಒಣಗೋವರೆಗೂ ಹುಳಿ ಮುಟ್ಟಬೇಡ. ಕೀವಾಗುತ್ತೆ.”

ನನಗೆ ನಗು ತಡೆಯಲಿಲ್ಲ.

“ಯಾಕೆ ನಗ್ತೀಯ? ಅಜ್ಜಿ ಹೇಳ್ತಿರಲಿಲ್ವಾ?”

“ಹೇಳ್ತಿದ್ದಳು ಕಣೇ. ಅವಳ ಅಜ್ಜಿಯೂ ಹೇಳ್ತಿದ್ದಳು. ಆ ಮಾತಿಂದ ಒಬ್ಬನ ಕಾಲು ಹೋಗೋದರಲ್ಲಿತ್ತು. ಇರು, ಬರೆದುಕೊಡ್ತೀನಿ. ಬಾಯಲ್ಲಿ ಹೇಳಿದರೆ ನೀನು ಕೇಳೋವಳಲ್ಲ.”

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನನಗೆ ಯಾವಾಗ ಸಂಬಳ ಏರಿತು, ಯಾವಾಗ ಹುದ್ದೆ ಏರಿತು ಎನ್ನುವುದು ಇದರಲ್ಲಿಲ್ಲ. ಅದನ್ನು ಕಟ್ಟಿಕೊಂಡು ಸರೋಜಳಿಗೆ ಏನಾಗಬೇಕು? ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಈ ಸೀಮೆಯ ಆಸ್ಪತ್ರೆಗಳಲ್ಲೇ ನರ್ಸಾಗಿ ನನ್ನ ಸರ್ವೀಸು ಕಳೆಯಿತು. ಅದರಲ್ಲಿ ನಾನು ಕಣ್ಣಾರೆ ಕಂಡದ್ದು ಒಂದೇ ಸಂಗತಿ: ಮನುಷ್ಯನ ಮೈ ಹೇಗೆ ಬಿಟ್ಟುಕೊಳ್ಳುತ್ತದೆ, ಹೇಗೆ ಮತ್ತೆ ಕೂಡಿಕೊಳ್ಳುತ್ತದೆ ಎಂಬುದು.

ನನಗೆ ಕೆಲಸ ಕಲಿಸಿದವರು ಕೋಲಾರದಲ್ಲಿ ನಮ್ಮ ಮೇಲಿದ್ದ ಮೇರಿಯಮ್ಮ. ಎತ್ತರದ ಹೆಂಗಸು, ನಗು ಕಡಿಮೆ. ನಾವು ಹಾಕಿದ ಕಟ್ಟನ್ನು ನೋಡುತ್ತಿರಲಿಲ್ಲ. ರೋಗಿಯ ತೋಳು ಹಿಡಿದು ಮೆಲ್ಲಗೆ ಅಲ್ಲಾಡಿಸುತ್ತಿದ್ದರು. ಕಟ್ಟು ಕೊಂಚ ಜಾರಿದರೂ ಆ ಸಾಲಿನ ಎಲ್ಲ ಕಟ್ಟುಗಳನ್ನೂ ಬಿಚ್ಚಿ ಮತ್ತೆ ಕಟ್ಟಬೇಕು. “ಹೊಲಿಗೆ ಡಾಕ್ಟರದು ಸಾವಿತ್ರಿ, ಆಮೇಲಿನ ದಿನಗಳೆಲ್ಲ ನಿನ್ನವು,” ಎನ್ನುತ್ತಿದ್ದರು. ಆಗ ಬೈಗುಳದ ಹಾಗೆ ಕೇಳುತ್ತಿತ್ತು. ಈಗ ಆ ಮಾತು ನೆನೆದರೆ ಎದೆ ಉಬ್ಬುತ್ತದೆ.

ಮಾಲೂರಿಗೆ ಹೋದ ಮೇಲೆ ಹೊಲಿಗೆ ದಾರಗಳ ಉಸ್ತುವಾರಿ ನನಗೆ ಬಂತು. ಮೈಯ ಮೇಲಿನ ಹೊಲಿಗೆಗೆ ರೇಷ್ಮೆ ದಾರ, ಒಳಗಿನ ಹೊಲಿಗೆಗೆ ಕುರಿಯ ಕರುಳಿನಿಂದ ಮಾಡಿದ ದಾರ. ಹರ್ನಿಯಾ ಆಪರೇಷನ್ ಆಗಿ ಮಲಗಿದ್ದ ಶಾನುಭೋಗರೊಬ್ಬರಿಗೆ ಈ ಕರುಳಿನ ಸಂಗತಿ ಹೇಗೋ ಗೊತ್ತಾಯಿತು. ಈರುಳ್ಳಿಯನ್ನೂ ಮುಟ್ಟದ ಮನುಷ್ಯ.

“ಏನಮ್ಮ, ನನ್ನ ಹೊಟ್ಟೆಯೊಳಗೆ ಕುರಿ ಇಟ್ಟು ಹೊಲಿದಿದೀರಾ?” ಎಂದು ಎದ್ದು ಕೂರಲು ಹೋದರು.

“ಅಲ್ಲಾಡಬೇಡಿ ಸ್ವಾಮಿ. ಆ ದಾರ ಒಳಗೇ ಕರಗಿ ಹೋಗುತ್ತೆ.”

“ಕರಗಿ ಎಲ್ಲಿಗೆ ಹೋಗುತ್ತೆ? ನನ್ನೊಳಗೇ ತಾನೆ? ಅಂದರೆ ನಾನು ತಿಂದ ಹಾಗಾಯ್ತಲ್ಲ!”

ಅವರ ಹೆಂಡತಿ ಸೆರಗು ಬಾಯಿಗಿಟ್ಟು ನಗುತ್ತಿದ್ದರು. ಆ ದಾರ ಕರಗುವಷ್ಟರಲ್ಲಿ ಮೈ ತನ್ನದೇ ನೂಲು ನೇಯ್ದು ಗಾಯವನ್ನು ಹಿಡಿದುಕೊಳ್ಳುತ್ತದೆ ಎಂದು ಡಾಕ್ಟರು ನನಗೆ ಹೇಳಿದ್ದರು. ಮೈಗೆ ತನ್ನದೇ ನೂಲು! ಮನೆಮನೆಯಲ್ಲಿ ರೇಷ್ಮೆ ಹುಳು ಸಾಕುವ ಊರಿನಿಂದ ಬಂದ ನನಗೆ ಆ ಮಾತು ಚೆನ್ನಾಗಿ ಹಿಡಿಸಿತು.

ಮುಳಬಾಗಿಲಿನಲ್ಲಿ ಕಂಡದ್ದು ಬೇರೆ ಥರ. ದೇವರಾಯಸಮುದ್ರದ ಕೆರೆ ಏರಿಯಿಂದ ಬಿದ್ದು ತೊಡೆ ಮುರಿದುಕೊಂಡವನೊಬ್ಬ ತಿಂಗಳುಗಟ್ಟಲೆ ಪ್ಲಾಸ್ಟರಿನಲ್ಲಿದ್ದ. ಪ್ಲಾಸ್ಟರ್ ಒಡೆದಾಗ ಮೂಳೆ ಸರಿಯಾಗಿ ಕೂಡಿತ್ತು. ಕಾಲು ಮಾತ್ರ ಕೋಲಿನ ಹಾಗಿತ್ತು. ಅವನ ಅಕ್ಕ ಎರಡು ಕಾಲನ್ನೂ ಪಕ್ಕಪಕ್ಕ ಇಟ್ಟು ನೋಡಿ ನನ್ನ ಮೇಲೆ ಬಿದ್ದಳು:

“ತುಂಬಿದ ಕಾಲು ಕೊಟ್ಟಿದ್ವಿ. ಮಾಂಸ ಏನ್ಮಾಡಿದ್ರಿ?”

ಯಾರೂ ಏನೂ ಮಾಡಿರಲಿಲ್ಲ. ಕೆಲಸವಿಲ್ಲದ ಮಾಂಸಖಂಡವನ್ನು ಮೈಯೇ ಬಿಚ್ಚಿ ಬೇರೆ ಕಡೆಗೆ ಬಳಸಿಕೊಳ್ಳುತ್ತದೆ. ತಿಂದಷ್ಟಕ್ಕೇ ಅದು ತಿರುಗಿ ಬರುವುದಿಲ್ಲ. ಬೇಳೆ, ಕಾಳು, ಮೊಟ್ಟೆ ಕೊಟ್ಟು, ಜೊತೆಗೆ ಅದಕ್ಕೆ ಕೆಲಸವನ್ನೂ ಕೊಡಬೇಕು. ಅಂದಿನಿಂದ ಪ್ಲಾಸ್ಟರ್ ಹಾಕುವ ದಿನವೇ ಮನೆಯವರನ್ನು ಕೂರಿಸಿಕೊಂಡು, “ಕಾಲು ಸಣ್ಣಗಾಗುತ್ತೆ, ಹೆದರಬೇಡಿ, ಆಮೇಲೆ ತುಂಬಿಸಿಕೊಡ್ತೀವಿ,” ಎಂದು ಹೇಳುವ ಅಭ್ಯಾಸ ಮಾಡಿಕೊಂಡೆ. ಸರೋಜ, ನೀನೂ ಮಾಡಿಕೋ. ಜಗಳ ಅರ್ಧ ಕಡಿಮೆಯಾಗುತ್ತದೆ.

ಇನ್ನು ಮೊದಲು ಹೇಳಿದ, ಹೋಗುವುದರಲ್ಲಿದ್ದ ಆ ಕಾಲಿನ ವಿಷಯ. ಅದು ಈ ನಾಲ್ಕರಲ್ಲಿ ಯಾವ ಊರಿನ ಆಸ್ಪತ್ರೆ ಎಂದು ಬರೆಯುವುದಿಲ್ಲ. ತಪ್ಪು ಇಡೀ ಸೀಮೆಯದು, ಒಂದೇ ಊರಿನ ಹೆಸರಿಗೆ ಅಂಟುವುದು ಬೇಡ. ಆಗಿನ್ನೂ ಕೀವು ತಡೆಯುವ ಸಲ್ಫಾ ಪುಡಿ ನಮ್ಮ ಕಡೆಗೆ ಬಂದಿರಲಿಲ್ಲ, ಪೆನ್ಸಿಲಿನ್ ಹೆಸರನ್ನೂ ಕೇಳಿರಲಿಲ್ಲ. ಗಾಯವೆಂದರೆ ತೊಳೆಯುವುದು, ಕಟ್ಟುವುದು, ಕಾಯುವುದು.

ವೆಂಕಟ ಎಂಬ ಹುಡುಗ, ರಾಯಲ್ಪಾಡಿನ ಕಡೆಯವನು. ಬಾವಿ ತೋಡುವ ಕೆಲಸ. ಹುಡುಗ ಅಂದೆ, ಮದುವೆ ಮಾತುಕತೆ ನಡೆಯುತ್ತಿದ್ದ ವಯಸ್ಸು. ಸಂಕ್ರಾಂತಿ ಕಳೆದ ಮೇಲೆ ಬಾವಿಯೊಳಗೆ ಬಂಡೆಯೊಂದು ಉರುಳಿ ಮೊಣಕಾಲಿನ ಕೆಳಗೆ ಮಾಂಸ ಸೀಳಿತ್ತು. ಊರಲ್ಲಿ ಸೊಪ್ಪು ಕಟ್ಟಿ ನೋಡಿ, ಆಗದೆ, ಶಿವರಾತ್ರಿ ಹೊತ್ತಿಗೆ ಗಾಡಿಯಲ್ಲಿ ನಮ್ಮಲ್ಲಿಗೆ ತಂದರು. ಜೊತೆಗೆ ಬಂದವಳು ತಾಯಿ ಮುನೆಮ್ಮ. ಗಂಡನಿಲ್ಲ, ಇವನೊಬ್ಬನೇ ಮಗ. ಅವಳ ಕಾವಲು ನಾನು ಎಲ್ಲೂ ನೋಡದಂಥದ್ದು. ಮಗ ನಿದ್ದೆ ಹೋಗುವ ತನಕ ತಾನು ತಲೆ ನೆಲಕ್ಕಿಡುತ್ತಿರಲಿಲ್ಲ. ಕೊಟ್ಟ ಔಷಧಿಯನ್ನೆಲ್ಲ ಮೊದಲು ತಾನೊಂದು ತೊಟ್ಟು ನಾಲಿಗೆಗೆ ಹಚ್ಚಿಕೊಂಡು ನೋಡಿ, ಆಮೇಲೆ ಮಗನಿಗೆ ಕುಡಿಸುತ್ತಿದ್ದಳು.

ಮೊದಮೊದಲು ಗಾಯ ಚೆನ್ನಾಗಿಯೇ ಕೂಡಿಕೊಂಡು ಬಂತು. ಆಮೇಲೆ ನಿಂತುಬಿಟ್ಟಿತು. ಯುಗಾದಿಯ ಹೊತ್ತಿಗೆ ಕೂಡಿದ್ದ ಅಂಚು ಮತ್ತೆ ಬಿಚ್ಚಿಕೊಳ್ಳತೊಡಗಿತು. ಕಟ್ಟು ಬಿಚ್ಚಿದರೆ ಗಾಯದ ತಳ ಮಂಕಾಗಿ, ನೀಲಿಗಟ್ಟಿ, ಮುಟ್ಟಿದರೆ ರಕ್ತ. ನಾನು ಮೇರಿಯಮ್ಮನ ಕೈಕೆಳಗೆ ಕಲಿತವಳು. ನನ್ನ ಕಟ್ಟಿನಲ್ಲಿ ದೋಷವಿರಲಿಲ್ಲ. ಅದನ್ನು ಈಗಲೂ ತಲೆಯೆತ್ತಿ ಹೇಳುತ್ತೇನೆ.

ಪಕ್ಕದ ಮಂಚದಲ್ಲಿ ಜಟಕಾ ಹೊಡೆಯುವ ಖಾದರ್ ಸಾಬ್. ಕುದುರೆ ಕಚ್ಚಿ ತೋಳಿನ ಮಾಂಸ ಕಿತ್ತುಬಂದಿತ್ತು. ನೋಡಿಕೊಳ್ಳುವ ಜನ ಯಾರೂ ಇಲ್ಲ. ಆಸ್ಪತ್ರೆ ಗೋಡೆಯಾಚೆ ಒಂದು ಮಾವಿನ ಮರವಿತ್ತು. ಈತ ಒಂದೇ ಕೈಯಲ್ಲಿ ಕಲ್ಲು ಹೊಡೆದು ಕಾಯಿ ಬೀಳಿಸಿ, ಉಪ್ಪು ಖಾರ ಹಚ್ಚಿ ತಿನ್ನುತ್ತಿದ್ದ. ಅಡಿಗೆಯ ತಿಮ್ಮಕ್ಕ ದಿನವೂ ಬೈಯುತ್ತಿದ್ದಳು. ನಾವೂ ಬೈಯುತ್ತಿದ್ದೆವು.

“ಹುಳಿ ತಿನ್ನಬೇಡ ಅಂದರೆ ಕೇಳಲ್ವಲ್ಲೋ! ತೋಳು ಕೊಳೆತರೆ ನನ್ನ ಹತ್ತಿರ ಬಂದು ಅಳಬೇಡ,” ಎಂದು ತಿಮ್ಮಕ್ಕ.

“ಕೊಳೆತರೆ ನಿನ್ನ ಹತ್ತಿರ ಯಾಕಕ್ಕ ಬರಲಿ? ನೀನೇನು ಉಪ್ಪಿನಕಾಯಿ ಹಾಕ್ತೀಯಾ?” ಎಂದು ಅವನು.

ಅವನ ತೋಳು ದಿನೇ ದಿನೇ ತುಂಬಿಕೊಂಡು ಬಂತು. ನಾವು ಅದನ್ನು ಅವನ ಅದೃಷ್ಟ ಎಂದುಕೊಂಡೆವು.

ನಮ್ಮ ಡಾಕ್ಟರು ಭೀಮರಾಯರು. ರೋಗಿಗಳ ಮೇಲೆ ಒಂದು ದಿನವೂ ದನಿ ಎತ್ತಿದವರಲ್ಲ. ಸಿಟ್ಟು ಬಂದರೆ ಕನ್ನಡಕ ತೆಗೆದು ಒರೆಸುತ್ತಿದ್ದರು. ಅವರ ಕನ್ನಡಕ ಫಳಫಳ ಹೊಳೆಯುತ್ತಿದ್ದರೆ ನಾವು ಎದುರಿಗೆ ಹೋಗುತ್ತಿರಲಿಲ್ಲ. ಒಂದು ಬೆಳಿಗ್ಗೆ ವೆಂಕಟನ ಗಾಯ ನೋಡಿ ಬಹಳ ಹೊತ್ತು ಕನ್ನಡಕ ಒರೆಸಿದರು. ಕೊಳೆ ಮೇಲಕ್ಕೆ ಹತ್ತಿದರೆ ಜೀವಕ್ಕೇ ಮುಳುವು. ಮುಂದಿನ ವಾರದೊಳಗೆ ತಿರುಗದಿದ್ದರೆ ಬೆಂಗಳೂರಿಗೆ ಕಳಿಸಿ ಕಾಲು ತೆಗೆಸುವುದೇ ಸರಿ ಎಂದರು.

ವೆಂಕಟ ಕೇಳಿಸಿಕೊಂಡ. “ಒಂಟಿ ಕಾಲಲ್ಲಿ ಬಾವಿಗೆ ಹೆಂಗ್ ಇಳೀಲಿ ಸ್ವಾಮಿ?” ಎಂದ. ಮುನೆಮ್ಮ ಮಗನ ಎರಡು ಪಾದಗಳನ್ನೂ ಹಿಡಿದುಕೊಂಡು ಕೂತಳು.

ಮಾರನೆಯ ದಿನ ವೆಂಕಟನ ಮೈ ಒರೆಸುವಾಗ ಮೊಣಕೈ ಹತ್ತಿರ ಒಂದು ಹಸಿ ಗಾಯ ಕಂಡಿತು. ಎಲ್ಲಿ ತಗುಲಿಸಿಕೊಂಡೆ ಎಂದು ಕೇಳಿದೆ.

“ತಗುಲಿಸಿಕೊಂಡಿಲ್ಲ ನರ್ಸಮ್ಮ. ಅದು ಚಿಕ್ಕವನಾಗಿದ್ದಾಗ ಕುಡುಗೋಲು ತಗುಲಿದ್ದು. ಯಾವಾಗಲೋ ಮಾದುಹೋಗಿತ್ತು. ತಾನಾಗೇ ಬಿಟ್ಕೊಂಡೈತೆ.”

ನಾನು ಹೋಗಿ ಭೀಮರಾಯರನ್ನು ಕರೆತಂದೆ. ಅವರು ಮೊಣಕೈ ನೋಡಿದರು. ಬಾಯಿ ತೆರೆ ಎಂದರು. ವಸಡುಗಳು ಉಬ್ಬಿ ಹಲ್ಲಿನ ಮೇಲೆ ಕೂತಿದ್ದವು. ತೊಡೆ ನೋಡಿದರು. ಒಂದೊಂದು ಕೂದಲಿನ ಬುಡದಲ್ಲೂ ಕೆಂಪು ಚುಕ್ಕೆ. ಅವರ ಮುಖ ಒಮ್ಮೆಲೇ ಬದಲಾಯಿತು.

“ಸಾವಿತ್ರಮ್ಮ, ಇವನಿಗೆ ಊಟ ಏನು ಕೊಡ್ತಿದೀರಿ?”

“ನೀವು ಬರೆದ ಹಾಗೆ ಪೂರ್ತಿ ಊಟ, ಸಾರ್.”

“ಅಂದರೆ ಏನು? ಯಾರು ಬಡಿಸ್ತಾರೋ ಅವರನ್ನ ಕರೀರಿ.”

ತಿಮ್ಮಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು ಬಹಳ ಹೆಮ್ಮೆಯಿಂದ ಹೇಳಿದಳು: “ಗಾಯದವರಿಗೆ ನಾನು ಬೇರೆ ಪಾತ್ರೇಲೇ ಮಾಡೋದು ಸ್ವಾಮಿ. ಮೆತ್ತಗೆ ಅನ್ನ, ಮೆಣಸಿನ ನೀರು, ಕಾಯಿಸಿದ ಹಾಲು. ಹುಳಿ ಇಲ್ಲ, ಸೊಪ್ಪು ಇಲ್ಲ, ನಿಂಬೆಹಣ್ಣು ಹತ್ತಿರಾನೂ ತರಲ್ಲ. ಯುಗಾದಿಗೆ ಎಲ್ಲರಿಗೂ ಮಾವಿನಕಾಯಿ ಚಿತ್ರಾನ್ನ ಮಾಡಿದೆ, ಇವರಿಗೆ ಬಿಳಿ ಅನ್ನ.”

“ಮನೇಲೂ ಹಂಗೇ ನೋಡ್ಕೊಂಡಿದೀನಿ ಸ್ವಾಮಿ,” ಎಂದಳು ಮುನೆಮ್ಮ. “ಏಟು ಬಿದ್ದ ದಿನದಿಂದ ನನ್ನ ಮಗ, ನನ್ನ ನಾಯನ, ಹುಳಿ ಕಂಡಿಲ್ಲ.”

ಯಾರಿಗೂ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ನಾವೆಲ್ಲ ಹುಟ್ಟಿದ ಮನೆಯಿಂದ ತಂದ ಪಥ್ಯ ಅದು. ಯಾರಿಗೆ ಪ್ರೀತಿಯಿಂದ ನೋಡಿಕೊಳ್ಳುವವರು ಇದ್ದರೋ ಅವನ ಗಾಯ ಬಿಚ್ಚಿಕೊಂಡಿತ್ತು. ಯಾರೂ ಇಲ್ಲದ ಖಾದರ್ ಸಾಬನ ಗಾಯ ಮಾದಿತ್ತು. ನಾನು ಅವನ ಮಂಚದ ಕಡೆ ತಿರುಗಿ ನೋಡಿದೆ. ಅವನು ಮಾವಿನ ಓಟೆಯನ್ನು ದಿಂಬಿನ ಕೆಳಗೆ ತಳ್ಳುತ್ತಿದ್ದ.

ಭೀಮರಾಯರು ನನ್ನನ್ನು ಹೊರಗೆ ಕರೆದು ಬಿಡಿಸಿ ಹೇಳಿದರು. ಚರ್ಮ, ಮೂಳೆ, ಮಾಂಸವನ್ನು ಮೂಳೆಗೆ ಕಟ್ಟುವ ಹುರಿ, ಇವೆಲ್ಲವನ್ನೂ ಹಿಡಿದಿಡುವ ನೂಲು ಒಂದಿದೆ. ಅದು ಒಂದು ಬಗೆಯ ಸಸಾರಜನಕ, ಹೆಸರು ಕೊಲಾಜೆನ್. ಬಡಗಿಗಳ ಅಂಟಿಗೆ ತೊಗಲು, ಮೂಳೆ ಕುದಿಸುತ್ತಾರಲ್ಲ, ಆ ಅಂಟು ಬೇರೇನೂ ಅಲ್ಲ, ಇದೇ ನೂಲು ಬೆಂದು ಕರಗಿದ್ದು. ಮಾದ ಗಾಯವನ್ನೂ ಮೈ ಸುಮ್ಮನೆ ಬಿಡುವುದಿಲ್ಲ, ಹಳೇ ನೂಲು ತೆಗೆದು ಹೊಸದು ಹಾಕುತ್ತಲೇ ಇರುತ್ತದೆ. ಹಸಿ ಹಣ್ಣು, ಹಸಿ ಸೊಪ್ಪಿನಲ್ಲಿರುವ ಜೀವಸತ್ವ ಸಿಗದಿದ್ದರೆ ಹೊಸ ನೂಲು ಗಟ್ಟಿಯಾಗುವುದಿಲ್ಲ. ಆಗ ಹಳೇ ಗಾಯಗಳೂ ಬಾಯಿ ಬಿಡುತ್ತವೆ.

“ಹಾಗಾದರೆ ಹುಣಸೆಹಣ್ಣು ಹಾಕಿಸಲಾ ಸಾರ್?”

“ಅದು ಸಾಲದು. ನಿಂಬೆ, ನೆಲ್ಲಿ, ಹಸಿ ಮಾವಿನಕಾಯಿ. ಇವತ್ತಿಂದಲೇ.”

ಡಾಕ್ಟರು ಹೇಳಿದ್ದಾಯಿತು. ಮುನೆಮ್ಮ ಒಪ್ಪಬೇಕಲ್ಲ! ನಿಂಬೆಹಣ್ಣಿನ ಪಾನಕ ತಂದರೆ ಲೋಟ ಕಿತ್ತು ಚೆಲ್ಲಿದಳು. “ಕಾಲು ತೆಗೀಬೇಕು ಅಂದ್ರಿ. ಈಗ ಹುಳಿ ಕೊಟ್ಟು ಕೊಳೆಸಿ ತೆಗೀತೀರಾ?” ಎಂದು ಮಂಚಕ್ಕೆ ಅಡ್ಡ ನಿಂತಳು. ವೆಂಕಟನೂ ತಾಯಿಯ ಮಾತು ಮೀರುವವನಲ್ಲ. ಬಣ್ಣ ಬೆರೆಸಿ ಔಷಧಿ ಎಂದು ಕುಡಿಸಿಬಿಡಿ ಎಂದರು ಡಾಕ್ಟರು.

“ಆಗಲ್ಲ ಸಾರ್. ಅವಳು ಮೊದಲು ರುಚಿ ನೋಡ್ತಾಳೆ. ಒಂದು ಸಲ ಮೋಸ ಗೊತ್ತಾದರೆ ನೀರೂ ಕುಡಿಸೋಕೆ ಬಿಡಲ್ಲ, ಗಾಡಿ ಕಟ್ಟಿಸಿಕೊಂಡು ಹೊರಟುಹೋಗ್ತಾಳೆ,” ಎಂದೆ.

ಕನ್ನಡಕ ಒರೆಸಿದರು. “ಹಾಗಾದರೆ ನೀವೇ ಒಪ್ಪಿಸಿ.”

ನಾನು ಮುನೆಮ್ಮನ ಪಕ್ಕದಲ್ಲಿ ನೆಲದ ಮೇಲೆ ಕೂತೆ. ಅವಳು ಚಿಕ್ಕ ವಯಸ್ಸಿನಲ್ಲಿ ಬೇರೆಯವರ ಮನೆಯಲ್ಲಿ ರೇಷ್ಮೆ ಹುಳು ಸಾಕುವ ಕೂಲಿಗೆ ಹೋಗಿದ್ದವಳು ಎಂದು ಮಾತಿನಲ್ಲಿ ಗೊತ್ತಾಗಿತ್ತು.

“ಮುನೆಮ್ಮ, ಹುಳಕ್ಕೆ ಸೊಪ್ಪು ಸರಿಯಾಗಿ ಸಿಗದಿದ್ದರೆ ಏನಾಗುತ್ತೆ?”

“ಏನಾಗುತ್ತೆ? ಗೂಡು ಜಾಳಾಗುತ್ತೆ. ಹಿಡಿದ್ರೆ ಮೆತ್ತಗೆ ಒಳಕ್ಕೆ ಹೋಗುತ್ತೆ.”

“ನಿನ್ನ ಮಗನ ಮೈಯೂ ಈಗ ಅಂಥಾ ಗೂಡು ಕಟ್ತಿದೆ. ಸೊಪ್ಪು ತಪ್ಪಿಸಿರೋದು ನಾವು.”

ಅವಳು ಮಗನ ಮೊಣಕೈ ಎತ್ತಿ ನೋಡಿದಳು. ಆಗ ಖಾದರ್ ಸಾಬ್ ಎದ್ದು ಬಂದು ತನ್ನ ತೋಳು ಮುಂದೆ ಮಾಡಿದ. “ನೋಡಮ್ಮ, ನಿನ್ನ ಮಗ ಪಥ್ಯ ಮಾಡಿ ಮಲಗಿದಾನೆ, ನಾನು ಕದ್ದು ತಿಂದು ತಿರುಗ್ತಿದೀನಿ. ಅಲ್ಲಾ ಕಸಂ, ದಿನಾ ತಿಂದಿದೀನಿ.”

“ನಿನ್ನ ಮೈ ಕುದುರೆ ಮೈ. ನನ್ನ ಮಗಂದು ಮನುಷ್ಯರದು,” ಎಂದಳು ಮುನೆಮ್ಮ.

ಆದರೆ ಅವಳು ಎದ್ದಳು. ಅಡಿಗೆಮನೆಗೆ ಹೋದಳು. ನಾನು ಹಿಂದೆಯೇ ಹೋಗುವಷ್ಟರಲ್ಲಿ ತಿಮ್ಮಕ್ಕನ ಈಳಿಗೆಮಣೆಗೆ ಎಡಗೈ ಬೆರಳು ಒತ್ತಿ ಕುಯ್ದುಕೊಂಡಿದ್ದಳು. ರಕ್ತ ತೊಟ್ಟಿಕ್ಕುತ್ತಿತ್ತು. ಆ ಕೈಯನ್ನು ಹಾಗೇ ಇಟ್ಟುಕೊಂಡು ಇನ್ನೊಂದು ಕೈಯಲ್ಲಿ ಮಾವಿನಕಾಯಿ ಹೋಳು ಬಾಯಿಗಿಟ್ಟು ಕಚ್ಚಿದಳು.

“ನನಗೆ ಕೀವಾದ್ರೆ ಅವನಿಗೆ ಬೇಡ. ಆಗದಿದ್ರೆ ನೀನು ಹೇಳಿದ್ದೆಲ್ಲ ತಿನ್ನಿಸ್ತೀನಿ.”

ನಾನು ಮುನೆಮ್ಮನ ಕೈ ಹಿಡಿದು ಡ್ರೆಸಿಂಗ್ ಕೋಣೆಗೆ ಕರೆದುಕೊಂಡು ಹೋದೆ.

ಸರೋಜ, ಇಲ್ಲಿ ಸ್ವಲ್ಪ ನಿಧಾನವಾಗಿ ಓದು. ನನ್ನ ಸರ್ವೀಸಿನಲ್ಲಿ ಹೊಟ್ಟೆ ಸೀಳಿಹೋದವರಿಗೆ ಕಟ್ಟು ಹಾಕಿದ್ದೇನೆ, ಕಲ್ಲು ಗಣಿಯಲ್ಲಿ ಸಿಡಿದ ಕೈಗಳನ್ನು ಕಟ್ಟಿದ್ದೇನೆ. ಆದರೆ ಎಲ್ಲಕ್ಕಿಂತ ದೊಡ್ಡ ಕಟ್ಟು ಹಾಕಿದ್ದು ಆ ಹೆಸರುಕಾಳಿನಷ್ಟು ಗಾಯಕ್ಕೆ. ಅದರಲ್ಲಿ ಕೀವಾದರೆ ಕಾರಣ ಈಳಿಗೆಮಣೆಯ ಕೊಳೆ ಇರಬಹುದು, ನೆಲದ ಧೂಳಿರಬಹುದು. ಮುನೆಮ್ಮನ ಲೆಕ್ಕದಲ್ಲಿ ಅದು ಹುಳಿಯೇ. ಹುಳಿಯಾದರೆ ಮಗನ ಕಾಲು ಹೋಯಿತು. ಕೈಯನ್ನು ಸೋಪು ಹಾಕಿ ಮೊಣಕೈವರೆಗೆ ತೊಳೆದೆ, ಉಗುರಿನ ಸಂದು ಕೆರೆದೆ, ಸ್ಪಿರಿಟ್ ಹಚ್ಚಿದೆ, ಆಪರೇಷನ್ನಿಗೆಂದು ಬೇಯಿಸಿಟ್ಟ ಬಟ್ಟೆ ತೆಗೆದು ಸುತ್ತಿದೆ. ಆಮೇಲೆ ಮೇರಿಯಮ್ಮನ ಹಾಗೆ ಕೈ ಹಿಡಿದು ಮೆಲ್ಲಗೆ ಅಲ್ಲಾಡಿಸಿದೆ. ಜಾರಲಿಲ್ಲ.

“ಇಷ್ಟು ಸಣ್ಣ ಗಾಯಕ್ಕೆ ಇಷ್ಟೊಂದು ಬಟ್ಟೆನಾ?” ಎಂದು ಅವಳೇ ಆಶ್ಚರ್ಯಪಟ್ಟಳು.

ಅವಳಿಗೆ ಪಾತ್ರೆ ತೊಳೆಯಲು ಬಿಡಲಿಲ್ಲ, ನೆಲ ಒರೆಸಲು ಬಿಡಲಿಲ್ಲ. ತಿಮ್ಮಕ್ಕ ಅವಳ ತಲೆ ಬಾಚಿದಳು. ಖಾದರ್ ಸಾಬ್ ನೀರು ಸೇದಿಕೊಟ್ಟ. ಊಟದ ಹೊತ್ತಿಗೆಲ್ಲ ಅವಳು ಹಠ ಹಿಡಿದವಳ ಹಾಗೆ ನಿಂಬೆ, ಮಾವಿನಕಾಯಿ ತಿಂದಳು. ಭೀಮರಾಯರಂಥ ಭೀಮರಾಯರು ವಾರ್ಡಿಗೆ ಬಂದರೆ ಮೊದಲು ಕೇಳುತ್ತಿದ್ದದ್ದು “ಬೆರಳು ಹೇಗಿದೆ?” ಎಂದು, ಕಾಲಿನ ಮಾತು ಆಮೇಲೆ.

ಬೆಂಗಳೂರಿಗೆ ಕಳಿಸಬೇಕಾದ ದಿನ ಹತ್ತಿರ ಬರುತ್ತಿತ್ತು. ಒಂದು ಮುಂಜಾನೆ ಎಲ್ಲರ ಎದುರಿಗೆ ಬೆರಳಿನ ಕಟ್ಟು ಬಿಚ್ಚಿದೆ. ಬೆರಳು ಒಣಗಿತ್ತು. ಸಣ್ಣ ಗುಲಾಬಿ ಗೆರೆ, ಅಷ್ಟೇ. ಮುನೆಮ್ಮ ಅದನ್ನು ಬೆಳಕಿಗೆ ಹಿಡಿದು ನೋಡಿದಳು, ಒತ್ತಿ ನೋಡಿದಳು, ಮೂಸಿ ನೋಡಿದಳು. ಆಮೇಲೆ ತಿಮ್ಮಕ್ಕನ ಕಡೆ ತಿರುಗಿ, “ಏನಮ್ಮ ನೋಡ್ತಾ ನಿಂತಿದೀಯ? ನನ್ನ ಮಗನಿಗೆ ನಿಂಬೆಹಣ್ಣು ಹಿಂಡ್ಕೊಂಡ್ ಬಾ,” ಎಂದಳು.

ಅಂದು ಲೋಟದ ಮೊದಲ ತೊಟ್ಟನ್ನು ಅವಳು ರುಚಿ ನೋಡಲಿಲ್ಲ. ನೇರ ಮಗನ ಬಾಯಿಗಿಟ್ಟಳು.

ಡಾಕ್ಟರು ಕಳಿಸುವುದನ್ನು ಮುಂದಕ್ಕೆ ಹಾಕಿದರು. ನಿಂಬೆ, ಮಾವಿನಕಾಯಿ, ಹಸಿ ಕೊತ್ತಂಬರಿ, ಟೊಮ್ಯಾಟೊ, ಏನು ಸಿಕ್ಕರೆ ಅದು. ಕೆಲವೇ ದಿನಗಳಲ್ಲಿ ವಸಡಿನ ರಕ್ತ ನಿಂತಿತು. ಮೊಣಕೈ ಮುಚ್ಚಿಕೊಂಡಿತು. ಆಮೇಲೆ ಒಂದು ಬೆಳಿಗ್ಗೆ ಕಾಲಿನ ಕಟ್ಟು ಬಿಚ್ಚಿದಾಗ ಮಂಕು ತಳದಲ್ಲಿ ದಾಳಿಂಬೆ ಕಾಳಿನಂಥ ಕೆಂಪು ಕಾಣಿಸಿತು. ನಮ್ಮ ಕೆಲಸದಲ್ಲಿ ಅದಕ್ಕಿಂತ ಚಂದದ ಬಣ್ಣ ಇಲ್ಲ. ನಾನು ಡಾಕ್ಟರನ್ನು ಕರೆಯುವ ಮೊದಲು ಒಂದು ಗಳಿಗೆ ಒಬ್ಬಳೇ ನೋಡುತ್ತಾ ನಿಂತೆ.

ಅಂಚು ಕೂಡಿದ ಮೇಲೆ ಮೀನಖಂಡದ ಸರದಿ. ಮಲಗಿ ಮಲಗಿ ಅದು ಬತ್ತಿತ್ತು. ಪಾದಕ್ಕೆ ಮರಳು ಚೀಲ ಕಟ್ಟಿ ಎತ್ತಿಸಿದೆ. ವೆಂಕಟ ನೋವಿಗೆ ಮುಖ ಕಿವುಚಿದರೆ, ವಾಸಿಯಾದ ಮೇಲೂ ದಿನಾ ಬಂದು ಕೂರುತ್ತಿದ್ದ ಖಾದರ್ ಸಾಬ್, “ಎತ್ತಲೇ, ನನ್ನ ಕುದುರೆ ನಿನಗಿಂತ ಮುದಿ, ಗಾಡಿ ತುಂಬ ಜನ ಎಳೆಯುತ್ತೆ,” ಎಂದು ರೇಗಿಸುತ್ತಿದ್ದ. ತಿಮ್ಮಕ್ಕ ಗಾಯದವರ ಬೇರೆ ಪಾತ್ರೆಯನ್ನು ಬೋರಲು ಹಾಕಿ ಅಟ್ಟಕ್ಕೆ ಸೇರಿಸಿದಳು. ಆ ಮೇಲೆ ನಾನಿದ್ದಷ್ಟು ಕಾಲವೂ ನಮ್ಮ ವಾರ್ಡಿನಲ್ಲಿ ಗಾಯದವರ ತಟ್ಟೆಗೆ ನಿಂಬೆಹೋಳು ತಪ್ಪಲಿಲ್ಲ. ಸಲ್ಫಾ ಬಂತು, ಮಹಾಯುದ್ಧ ಮುಗಿದ ಮೇಲೆ ಪೆನ್ಸಿಲಿನ್ ಬಂತು. ನಿಂಬೆಹೋಳು ಮಾತ್ರ ತಟ್ಟೆಯಲ್ಲಿ ಉಳಿಯಿತು. ಕೊಳೆಯನ್ನು ಔಷಧಿ ಕೊಲ್ಲಬಹುದು, ನೂಲನ್ನು ಮೈಯೇ ನೇಯಬೇಕು.

ವೆಂಕಟ ಮೊದಲ ಸಲ ಕೋಲಿಲ್ಲದೆ ವಾರ್ಡಿನ ಈ ತುದಿಯಿಂದ ಆ ತುದಿಗೆ ನಡೆದ ದಿನ, ಸಾಯಂಕಾಲದ ಊಟಕ್ಕೆ ತಾನೇ ಅಡಿಗೆಮನೆಗೆ ಬಂದು ಕೂತ. ಮುದ್ದೆ, ಮಾವಿನಕಾಯಿ ಹಾಕಿದ ದಂಟಿನ ಸೊಪ್ಪಿನ ಸಾರು, ಒಂದು ಬೇಯಿಸಿದ ಮೊಟ್ಟೆ, ಪಕ್ಕದಲ್ಲಿ ನಿಂಬೆಹೋಳು. ಮುನೆಮ್ಮನೂ ಅವನ ಎದುರಿಗೇ ಕೂತು ಅದನ್ನೇ ಉಂಡಳು. ಉಂಡು ಬಂದು ವೆಂಕಟ ಮಂಚದ ಮೇಲೆ ಕೂತು ಖಾದರ್ ಸಾಬನ ಜೊತೆ ಬಾವಿಗಳ ಮಾತಾಡುತ್ತಿದ್ದ. ನಾನು ದೀಪ ಹಚ್ಚಲು ಹೋದಾಗ ನೋಡಿದೆ. ಮಗ ಇನ್ನೂ ಮಾತಾಡುತ್ತಲೇ ಇದ್ದ. ಮುನೆಮ್ಮ ಮಂಚದ ಪಕ್ಕದ ಚಾಪೆಯಲ್ಲಿ, ಗೆರೆ ಬಿದ್ದ ಆ ಬೆರಳಿನ ಕೈಯನ್ನು ಕೆನ್ನೆಗೆ ಇಟ್ಟುಕೊಂಡು, ಎಲ್ಲರಿಗಿಂತ ಮೊದಲು ನಿದ್ದೆ ಹೋಗಿದ್ದಳು.